ತೊಟ್ಟಿಗೆ ಅಜೀರ್ಣ ಮಾಡಿದ ವಿಗ್ಗೋ

ವಿಗ್ಗೋ ನೋರ್ಸ್ಕೋವ್‌ನಿಗೆ ಈಗ ಅರವತ್ತೆರಡು. ಯೂಲಂಡ್ ಸೀಮೆಯ ಈ ಪಡುವಣ ಕಡಲತೀರದಲ್ಲೇ ಹುಟ್ಟಿ, ಜೀವಮಾನವೆಲ್ಲ ಗೋಧಿ ಹುಲ್ಲಿನ ಪೆಂಡಿ ಕಟ್ಟಿ ಮಾರಿದವನು. ಒಂದು ದಿನವೂ ಹಸು ಸಾಕಿದವನಲ್ಲ. ಸಾಕಿದವರನ್ನು ಕಂಡರೆ ಮೂಗು ಮುರಿಯುವವನು. ಅಂಥವನೇ ಒಂಬತ್ತು ವರ್ಷದಿಂದ ನಮ್ಮೂರ ಇಂಧನ ಸಂಘದ ಅಧ್ಯಕ್ಷ. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಯಾರಾಗುತ್ತೀರಿ ಎಂದು ಕೇಳಿದಾಗ ನಾವೆಲ್ಲ ಕಾಫಿ ಲೋಟದೊಳಗೆ ಇಣುಕುತ್ತೇವೆ. ವಿಗ್ಗೋ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಾನೆ.

ಸಂಘದ ಕೆಲಸ ಇಷ್ಟು: ಮುಚ್ಚಿದ ತೊಟ್ಟಿಯಲ್ಲಿ ಹುಲ್ಲೂ ಸಗಣಿಯೂ ಕೊಳೆತು ಗ್ಯಾಸ್ ಆಗುತ್ತದೆ. ಗಾಳಿಯಂತ್ರದ ಕರೆಂಟು ನೀರನ್ನು ಒಡೆದು ಜಲಜನಕ ಕೊಡುತ್ತದೆ. ಎರಡೂ ಕೂಡಿದರೆ ಊರಿನ ಒಂದೇ ಬಸ್ಸಿಗೆ ಇಂಧನ. ಜೂನ್‌ನಲ್ಲಿ ಬೇಸಿಗೆ ಬರುವವರೆಗೆ ನಮ್ಮ ಇಂಧನದಲ್ಲೇ ಓಡಿಸಿದರೆ ಬಸ್ಸು ಉಳಿಯುತ್ತದೆ, ಒಂದು ವಾರ ನಿಂತರೂ ರದ್ದು ಎಂದು ನಗರಸಭೆ ಹೇಳಿತ್ತು. ನಮಗೆ ಕಾರಿಲ್ಲ. ಗಂಡ ಬೆಳಗಿನ ಜಾವವೇ ಮೀನು ಹಿಡಿಯಲು ಹೋಗಿಬಿಡುತ್ತಾನೆ. ನಾಲ್ಕು ವರ್ಷದ ಮಗಳು ಸಿಗ್ನೆಯ ಶಿಶುವಿಹಾರ ಏಳು ಕಿಲೋಮೀಟರ್ ದೂರ. ಬಸ್ಸು ಹೋದರೆ ನನ್ನ ಗತಿ?

ಏಪ್ರಿಲ್‌ನಲ್ಲಿ ಒಂಬತ್ತು ದಿನ ಗಾಳಿ ಬೀಸಲಿಲ್ಲ. ರೆಕ್ಕೆಗಳು ಅಲ್ಲಾಡಲಿಲ್ಲ, ಇಂಧನ ಕಡಿಮೆಯಾಯಿತು. ಆದರೂ ಬಸ್ಸು ಹೇಗೋ ಓಡುತ್ತಿತ್ತು, ಸುಮ್ಮನಿದ್ದಿದ್ದರೆ ಸಾಕಿತ್ತು. ಗುರುವಾರ ನಗರಸಭೆಯವರು ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ವಿಗ್ಗೋ ಡೈರಿಯಲ್ಲಿ ಚೀಸ್ ಮಾಡಿದ ಮೇಲೆ ಉಳಿಯುವ ಸಿಹಿಯಾದ ಹಾಲಿನ ನೀರನ್ನು ಎರಡು ಟ್ಯಾಂಕರ್ ತರಿಸಿದ. ಅದನ್ನು ಹಾಕಿದರೆ ಗ್ಯಾಸ್ ಉಕ್ಕುತ್ತದೆಂದು ಎಲ್ಲೋ ಓದಿದ್ದನಂತೆ.

ನಲವತ್ತು ವರ್ಷ ಹಸು ಸಾಕಿದ ಎಬ್ಬಾ ಟ್ಯಾಂಕರಿಗೆ ಅಡ್ಡ ನಿಂತಳು.

“ಏನಯ್ಯಾ ವಿಗ್ಗೋ, ಅದು ತೊಟ್ಟಿ ಅಲ್ಲ, ಹಸೂ ಹೊಟ್ಟೆ ಅಂತ ತಿಳ್ಕೋ. ಹುಲ್ಲು ತಿಂದು ರೂಢಿ ಆದದ್ದಕ್ಕೆ ಒಂದೇ ಸಲ ಇಷ್ಟು ಸಿಹಿ ಸುರಿದ್ರೆ ಹುಳಿಯೆದ್ದು ಉಬ್ಬರಿಸುತ್ತೆ.”

“ಹಸು ಬೇರೆ, ವಿಜ್ಞಾನ ಬೇರೆ, ಎಬ್ಬಾ.”

“ಹೌದಪ್ಪಾ. ಹಸೂಗೆ ಬುದ್ಧಿ ಇರುತ್ತೆ.”

ಎಂಟು ತಿಂಗಳ ಮಗ ಆಸ್ಗರ್ ನನ್ನ ಕಂಕುಳಲ್ಲಿದ್ದ. ನಾನೂ ಬಾಯಿ ಹಾಕಿದೆ: “ಇವನಿಗೆ ಹೊಸ ಗಂಜಿ ತಿನ್ನಿಸೋವಾಗ ಮೊದಲ ದಿನ ಒಂದೇ ಚಮಚ ಕೊಡ್ತೀನಿ ವಿಗ್ಗೋ. ನೀನೂ ಸ್ವಲ್ಪ ಸ್ವಲ್ಪ ಹಾಕ್ಬಾರ್ದಾ?”

“ನೀನು ಮಗು ನೋಡ್ಕೋ ತಾಯಿ. ತೊಟ್ಟಿ ನಾನು ನೋಡ್ಕೋತೀನಿ.”

ಎರಡೂ ಟ್ಯಾಂಕರ್ ಸುರಿದ. ಮರುದಿನ ಗ್ಯಾಸ್ ಏರಿತು, ಮನೆಮನೆಗೆ ಫೋನ್ ಮಾಡಿ, “ನೋಡಿದ್ರಾ?” ಎಂದು ಬೀಗಿದ. ಅದರ ಮರುದಿನ ತೊಟ್ಟಿಯ ಮೇಲಿಂದ ಹುಳಿನಾತದ ನೊರೆ ಇಳಿಯಿತು. ಕೊಳವೆಗಳು ಕಟ್ಟಿಕೊಂಡವು, ಗ್ಯಾಸ್ ನಿಂತಿತು. ನಗರಸಭೆಯವರು ಆ ನೊರೆಯಲ್ಲೇ ಬೂಟು ಅದ್ದಿಕೊಂಡು ನಿಂತಿದ್ದಾಗ ಈ ಪುಣ್ಯಾತ್ಮ ಏನೆಂದ ಗೊತ್ತೇ? “ಇದು ನಾವು ನಿರೀಕ್ಷಿಸಿದ್ದ ನೊರೆಯೇ.”

ತೊಟ್ಟಿಗೆ ಉಪವಾಸ ಹಾಕಿ, ಪಕ್ಕದೂರಿನ ತೊಟ್ಟಿಯಿಂದ ಹಳೆಯ ಬಗ್ಗಡ ತಂದು ಸುರಿದು, ಎಬ್ಬಾಳೇ ಮೂರು ವಾರ ಬಾಣಂತನ ಮಾಡಿದಳು. ತೊಟ್ಟಿ ಚೇತರಿಸಿಕೊಂಡಿತು. ಬಸ್ಸು ಅಷ್ಟರಲ್ಲಿ ರದ್ದಾಗಿತ್ತು.

ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ವಿಗ್ಗೋ ಗಾಳಿಯ ಮೇಲೆ ತಪ್ಪು ಹೊರಿಸಿ ಇಪ್ಪತ್ತು ನಿಮಿಷ ಮಾತಾಡಿದ. “ಈ ಸಲ ಎಬ್ಬಾನ್ನೇ ಅಧ್ಯಕ್ಷೆ ಮಾಡೋಣ” ಎಂದೆ. “ಈ ವಯಸ್ಸಲ್ಲಿ ಕಾಗದ ಪತ್ರ ಎಲ್ಲಿ ಬರೀತಾ ಕೂರ್ಲಿ? ನೀನೇ ಆಗೇ” ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ನಾನು ಲೋಟದೊಳಗೆ ನೋಡಿದೆ. ವಿಗ್ಗೋ ಗಂಟಲು ಸರಿಮಾಡಿಕೊಂಡ. ನಾವು ಕೈಯೆತ್ತಿ, ಚಪ್ಪಾಳೆ ತಟ್ಟಿ, ಕೇಕು ತಿಂದು ಮನೆಗೆ ಬಂದೆವು.

ಮರುದಿನ ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಎರಡೂ ಮಕ್ಕಳನ್ನು ಕೂರಿಸಿಕೊಂಡು ಎದುರುಗಾಳಿಯಲ್ಲಿ ತುಳಿಯುತ್ತಿದ್ದೆ. ಪಕ್ಕದಲ್ಲಿ ವಿಗ್ಗೋನ ಕಾರು ನಿಂತಿತು. ಡೀಸೆಲ್ ಕಾರು!

“ಹತ್ತು ಹತ್ತು, ಮಕ್ಕಳಿಗೆ ಶೀತ ಆಗುತ್ತೆ.”

ಆಸ್ಗರನ ಮೂಗು ಆಗಲೇ ಸೋರುತ್ತಿತ್ತು. ಸೈಕಲ್ಲನ್ನು ಬೇಲಿಗೆ ಒರಗಿಸಿ ಹತ್ತಿದೆ. ದಾರಿಯುದ್ದಕ್ಕೂ ಭಾಷಣ: “ನಾನು ಹಾಕಿದ್ದು ಸರಿಯಾಗೇ ಇತ್ತು. ಒಳಗಿದ್ದ ಸೂಕ್ಷ್ಮಜೀವಿಗಳಿಗೇ ತಾಕತ್ತಿರ್ಲಿಲ್ಲ.”

“ಅವಕ್ಕೆ ಹೊಟ್ಟೆ ನೋವು ಬಂತಾ ವಿಗ್ಗೋ?” ಎಂದು ಸಿಗ್ನೆ ಕೇಳಿದಳು. ಅವನು ರೇಡಿಯೊ ಹಾಕಿದ.

ಈಗ ದಿನವೂ ಏಳೂವರೆಗೆ ನಮ್ಮ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಾನೆ. ಸಿಗ್ನೆ ಊರಿನ ಶಾಲೆಗೆ ಸೇರಲು ಇನ್ನೂ ಎರಡು ವರ್ಷವಿದೆ. ಮಕ್ಕಳ ಟೋಪಿ ಕಟ್ಟಿ, ಏಳು ಇಪ್ಪತ್ತೈದಕ್ಕೇ ಬಾಗಿಲಲ್ಲಿ ನಿಂತಿರುತ್ತೇನೆ.