ಕಸಿ ಕಲಿಕಾ ಬಳಗದ ಅಡ್ಮಿನ್

ಕಾಳುಮೆಣಸಿನ ಬಳ್ಳಿಯನ್ನು ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟಿದರೆ ಬುಡ ಕೊಳೆಯುವ ಕಾಟ ತಪ್ಪುತ್ತದೆ ಎಂದು ಮೂಡಿಗೆರೆಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ನಾನು ಗೋಣಿಬೀಡಿನಿಂದ ಹೋಗಿದ್ದೆ. ಹೈಸ್ಕೂಲಿನಲ್ಲಿ ಪಾಠ ಮಾಡಿಯೇ ನಿವೃತ್ತನಾದವನಿಗೆ ಇನ್ನೊಬ್ಬರ ಪಾಠ ಕೇಳುತ್ತ ಕೂರುವುದು ಕಷ್ಟ. ತರಬೇತಿ ಕೊಡುವವರು ಚಾಕು ಹಿಡಿದು ಮಾತು ಶುರು ಮಾಡುವಷ್ಟರಲ್ಲಿ ನಾನು ಹಿಂದಿನ ಸಾಲಿನಲ್ಲಿ ಎಲ್ಲರ ನಂಬರ್ ಸಂಗ್ರಹಿಸಿ ಮೊಬೈಲಿನಲ್ಲಿ ಗ್ರೂಪ್ ಮಾಡುತ್ತಿದ್ದೆ. ಹೆಸರು 'ಕಸಿ ಕಲಿಕಾ ಬಳಗ'. ಅಡ್ಮಿನ್ ನಾನೇ. ಊಟದ ಹೊತ್ತಿಗೆ ನಿಯಮಾವಳಿಯೂ ಸಿದ್ಧ: ಕೃಷಿ ಬಿಟ್ಟು ಬೇರೇನೂ ಹಾಕಬಾರದು, ಎಲ್ಲರೂ ಎಲ್ಲರಿಂದ ಕಲಿಯಬೇಕು.

ಮರುದಿನ ಬೆಳಿಗ್ಗೆ ಎಂಟರೊಳಗೆ ಹದಿನೇಳು ಗುಲಾಬಿ, ಎರಡು ದೇವರ ಪಟ, ಯಾರದೋ ಮೊಮ್ಮಗಳ ಹುಟ್ಟುಹಬ್ಬದ ಕೇಕು ಬಂದವು. ನಾನು ನಿಯಮ ನೆನಪಿಸಿದೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು.

ಹತ್ತು ದಿನದ ಮೇಲೆ ಬೆಳೆಗಾರರೊಬ್ಬರು ನಿಜವಾದ ಪ್ರಶ್ನೆ ಕೇಳಿದರು. ಕಸಿ ಗಿಡಕ್ಕೆ ಮುಚ್ಚಿದ ಪ್ಲಾಸ್ಟಿಕ್ ಕವರಿನ ಒಳಗೆ ನೀರಿನ ಹನಿ ಕೂತಿದೆ, ಏನು ಮಾಡುವುದು? ಮೊದಲು ಬಂದದ್ದು ಬಾಳೂರಿನ ಹೆಂಗಸೊಬ್ಬರ ಧ್ವನಿ ಸಂದೇಶ. ಅವರು ಎಸ್ಟೇಟಿನ ನರ್ಸರಿಯಲ್ಲಿ ಕೆಲಸ ಮಾಡುವವರು. ಒತ್ತಿದೆ. ಕೋಳಿ ಕೂಗಿತು. "ಒಂಚೂರು ಇರಿ, ಹಾಲು ಉಕ್ತಾ ಉಂಟು" ಎಂದರು. ನಾನು ಅಲ್ಲಿಗೇ ನಿಲ್ಲಿಸಿ, "ದಯವಿಟ್ಟು ಬರೆದು ಹಾಕಿ" ಎಂದು ಸೂಚಿಸಿದೆ. ಆಮೇಲೆ ನಾನೇ ಉತ್ತರ ಬರೆದೆ: 'ತೇವದಿಂದ ಶಿಲೀಂಧ್ರ ಬರುತ್ತದೆ. ಕವರನ್ನು ತಕ್ಷಣ ತೆಗೆದು ಗಾಳಿ, ಬಿಸಿಲು ತಾಗಿಸಿ.' ಜತೆಗೆ ಗಾಳಿಯ ಮಹತ್ವದ ಬಗ್ಗೆ ಮೂರು ಪ್ಯಾರಾ. ಹೆಬ್ಬೆರಳುಗಳ ಸುರಿಮಳೆಯಾಯಿತು. ಒಬ್ಬರು 'ಗುರುಗಳೇ' ಎಂದರು. ಆ ದಿನ ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ತರಬೇತಿಯಿಂದ ಬಂದು ನಾನೂ ಕೆಲವು ಕಸಿ ಕಟ್ಟಿದ್ದೆ; ಕವರ್ ತೆಗೆದ ವಾರದೊಳಗೆ ಅವೆಲ್ಲ ಬಾಡಿ ಕಪ್ಪಾದವು. ಬಳಗದ ತುಂಬ ಒಣಗಿದ ಕಡ್ಡಿಗಳ ಫೋಟೊ. ನಾನು ತಪ್ಪನ್ನು ಹವಾಮಾನದ ಮೇಲೆ ಹಾಕಿ ಬರೆಯುತ್ತಿದ್ದಾಗ ಬಾಳೂರಿನವರ ಫೋಟೊ ಬಂತು. ಹನ್ನೆರಡು ಗಿಡ, ಎಲ್ಲದರಲ್ಲೂ ಎಳೆಯ ಚಿಗುರು. ತಕ್ಷಣ ಫೋನ್ ಮಾಡಿದೆ.

"ನೀವು ಕವರ್ ತೆಗೀಲಿಲ್ವಾ?"

"ಇಲ್ಲ ಮೇಷ್ಟ್ರೇ. ಚಿಗುರು ಬರೋ ತನಕ ಮುಟ್ಬೇಡಿ, ನೆರಳಲ್ಲೇ ಇಡಿ ಅಂದಿದ್ರಲ್ಲ ಅವತ್ತು ತರಬೇತೀಲಿ. ನೀವೂ ಇದ್ರಿ."

"ನಾನು ಬರೆದದ್ದು ನೋಡ್ಲಿಲ್ವಾ?"

"ಉದ್ದ ಬರ್ದಿದ್ರಿ, ನೋಡ್ದೆ. ನಂಗೆ ಓದಕ್ಕೆ ಬರಲ್ಲ. ನಾನು ಮಾತಾಡಿ ಹಾಕಿದ್ದು ನೀವು ಕೇಳಿರ್ಬೇಕಲ್ಲ?"

ಫೋನಿಟ್ಟು ಆ ಸಂದೇಶವನ್ನು ಪೂರ್ತಿ ಕೇಳಿದೆ. ಹಾಲು ಇಳಿಸಿ ಬಂದು, ಆ ಹನಿ ಇದ್ದರೇ ಕಸಿ ಕೂಡುವುದೆಂದು ಅವರು ನಿಧಾನವಾಗಿ, ಎರಡು ಸಲ ಹೇಳಿದ್ದರು. ಒಂದು ನಿಮಿಷವೂ ಇರಲಿಲ್ಲ.

ತಪ್ಪು ನನ್ನದೆಂದು ಬಳಗದಲ್ಲಿ ಬರೆದೆ, ಈ ಸಲ ಒಂದೇ ಸಾಲು. ಪ್ರಶ್ನೆ ಕೇಳಿದ್ದ ಬೆಳೆಗಾರರು ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡಿ ಮಾರಾಯ್ರೇ. ನಾವ್ಯಾರೂ ಪೂರ್ತಿ ಓದಿರ್ಲಿಲ್ಲ. 'ತೆಗೆದು' ಅಂತ ಕಾಣ್ತು, ತೆಗ್ದ್ವಿ" ಎಂದು ಸಮಾಧಾನ ಹೇಳಿದರು. ಸಮಾಧಾನವಾಗಲಿಲ್ಲ.

ಭಾನುವಾರ ಬಸ್ ಹತ್ತಿ ಬಾಳೂರಿಗೆ ಹೋದೆ. ಅವರು ಜಗಲಿಯಲ್ಲಿ ಮಣೆ ಹಾಕಿ ಕೈಗೆ ಚಾಕು ಕೊಟ್ಟರು. ಮೊದಲ ಕಡ್ಡಿ ಸೀಳಿ ಎರಡಾಯಿತು. ಎರಡನೆಯದೂ ಹಾಗೇ ಆಯಿತು. "ಮಾತು ಬಿಡಿ ಮೇಷ್ಟ್ರೇ, ಕಣ್ಣು ಕತ್ತಿ ಮೇಲೆ ಇರ್ಲಿ" ಎಂದರು. ನಾನು ಆಗ ಏನು ಮಾತಾಡುತ್ತಿದ್ದೆನೋ ನೆನಪಿಲ್ಲ. ಬಾಯಿ ಮುಚ್ಚಿದ ಮೇಲೆ ಕೈ ಸ್ವಲ್ಪ ಹದಕ್ಕೆ ಬಂತು.

ಹೊರಡುವಾಗ, "ಇನ್ನು ಮೇಲೆ ನೀವೇ ಅಡ್ಮಿನ್ ಆಗಿ" ಎಂದೆ.

"ಅಡ್ಮಿನ್ ಅಂದ್ರೆ ಎಂತ ಮಾಡ್ಬೇಕು?"

ಯೋಚಿಸಿ, "ಏನಿಲ್ಲ" ಎಂದೆ.

"ಹಾಗಾದ್ರೆ ನೀವೇ ಇಟ್ಕೊಳ್ಳಿ. ನಂಗೆ ನರ್ಸರಿ ಕೆಲ್ಸ ಉಂಟು."

ಅವತ್ತು ಅವರ ಎದುರು ಕಟ್ಟಿದ ಹತ್ತು ಕಸಿಗಳಲ್ಲಿ ಆರು ಬದುಕಿ, ಈಗ ನಮ್ಮ ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬುತ್ತಿವೆ. ಬಳಗದಲ್ಲಿ ಯಾರಾದರೂ ಏನಾದರೂ ಕೇಳಿದರೆ ನಾನು ಬಾಳೂರಿನ ಉತ್ತರಕ್ಕೆ ಕಾಯುತ್ತೇನೆ. ಒಮ್ಮೊಮ್ಮೆ ಅರ್ಧ ದಿನವಾಗುತ್ತದೆ. ಬರೆಯಲು ಬೆರಳು ತುರಿಸುತ್ತದೆ, ಆದರೂ ಕಾಯುತ್ತೇನೆ.