ಎನಿಡ್ ಕಾಯ್ದ ಹಿತ್ತಲು

ಎನಿಡ್ ಯೆಲ್ಲಂಡ್ ಹಿತ್ತಲಿಗೆ ಕಾಲಿಟ್ಟರೆ ಹುಲ್ಲು ಕೂಡ ನೆಟ್ಟಗೆ ನಿಲ್ಲಬೇಕು, ಅಂಥ ಹೆಂಗಸು. ಇಂಗ್ಲೆಂಡಿನ ಡೆವನ್ ಸೀಮೆಯ ನಮ್ಮ ಊರಿನ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಟಾಣಿ, ಆಲೂಗಡ್ಡೆ ಬಡಿಸಿ ಬಡಿಸಿಯೇ ನಿವೃತ್ತಳಾದವಳು. ಅವಳ ಸೌಟಿಗೆ ಹೆದರಿ ಹೆಡ್‌ಮಾಸ್ಟರು ಕೂಡ ತಟ್ಟೆಯಲ್ಲಿ ಒಂದು ಕಾಳೂ ಬಿಡುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ, "ಊರಿನ ಮಕ್ಕಳೆಲ್ಲರ ಎಂಜಲು ತೊಳೆದದ್ದು ಸಾಲದಾ?" ಅನ್ನುತ್ತಿದ್ದಳು. ಅಂಥವಳು ಒಂದು ವಸಂತದಲ್ಲಿ ಕಂದುಬಣ್ಣದ ಸ್ಪ್ಯಾನಿಯಲ್ ನಾಯಿಮರಿಯೊಂದನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು ಬಂದು, ಟಾಫಿ ಅಂತ ಹೆಸರಿಟ್ಟು, ಅದರ ಹೊಟ್ಟೆಗೆ ಮೂಗು ತಿಕ್ಕಿ ಮುದ್ದು ಮಾಡುವುದನ್ನು ಕಂಡು ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಟಾಫಿಯೋ, ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಹೊಟ್ಟೆಬಾಕ. ಕಲ್ಲು, ಕಾಲುಚೀಲ, ಕಡೆಗೆ ಬಸವನಹುಳುವೂ ಆಗಬಹುದು. ಸೂಜಿ ಚುಚ್ಚಿಸಲು ಹೋದಾಗ ಪಶುವೈದ್ಯೆ ಎಚ್ಚರಿಸಿದಳು: ಬಸವನಹುಳು, ಚಿಪ್ಪಿಲ್ಲದ ಲೋಳೆಹುಳು, ಇವುಗಳ ಮೈಯಲ್ಲಿ ಕಣ್ಣಿಗೆ ಕಾಣದ ಮರಿಹುಳುಗಳಿರುತ್ತವೆ, ನಾಯಿ ಅವನ್ನು ನುಂಗಿದರೆ ಅವು ಎದೆಗೂಡು ಸೇರಿ, ರಕ್ತ ಹೆಪ್ಪುಗಟ್ಟದಂತೆ ಮಾಡಿ, ಉಸಿರನ್ನೇ ತೆಗೆಯುತ್ತವೆ. "ತಿಂಗಳು ತಿಂಗಳೂ ಕುತ್ತಿಗೆ ಹಿಂದೆ ಈ ಮದ್ದು ಹಾಕಿ, ತಪ್ಪಿಸಬೇಡಿ."

ಅವತ್ತಿನಿಂದ ಎನಿಡ್ ಹಿತ್ತಲಿಗೆ ಕಾವಲು ನಿಂತಳು. ಹುಲ್ಲನ್ನು ಬೋಳಿಸಿದಳು. ಟಾಫಿಯ ನೀರಿನ ಬಟ್ಟಲು, ಚೆಂಡು, ಕಡಿದು ಚಿಂದಿ ಮಾಡಿದ ರಬ್ಬರ್ ಬಾತು, ಎಲ್ಲವನ್ನೂ ಸಂಜೆಯಾಗುತ್ತಲೇ ಒಳಗೆ ತಂದು ಬಿಸಿನೀರಲ್ಲಿ ತೊಳೆದಳು. ಹಳಸಿದ ಬಿಯರ್ ಹಾಕಿದ ತಟ್ಟೆಗಳನ್ನು ಮಣ್ಣಲ್ಲಿ ಹೂತು, ಮರಿ ಬಾಯಿ ಹಾಕದಂತೆ ಮೇಲೆ ತಂತಿಬಲೆ ಕವುಚಿದಳು. ಬೆಳಿಗ್ಗೆ ನೋಡಿದರೆ ವಾಸನೆಗೆ ಬಂದ ಹುಳುಗಳು ಅದರಲ್ಲಿ ಬಿದ್ದು ಸತ್ತಿರುತ್ತಿದ್ದವು. ಹುಳು ಕೊಲ್ಲುವ ನೀಲಿ ಗುಳಿಗೆಯನ್ನು ಮಾತ್ರ ಮನೆಗೆ ಸೇರಿಸಲಿಲ್ಲ. ಅದನ್ನು ತಿಂದರೆ ನಾಯಿಯೂ ಸಾಯುತ್ತದೆ.

"ಹುಳುಗಳಿಗೆ ಪಬ್ಬೇ ತೆರೆದುಬಿಟ್ಟಿದ್ದೀಯಲ್ಲೇ!" ಅಂತ ಗೋಡೆಯಾಚೆಯಿಂದ ನಗುತ್ತಿದ್ದವಳು ಏವಿಸ್ ಲಸ್ಕಂ. ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತ ಗೆಳತಿ, ಈಗ ಪಕ್ಕದ ಮನೆಯವಳು. ಅವಳ ಹಿತ್ತಲಿನ ಹೋಸ್ಟಾ ಗಿಡಗಳೆಂದರೆ ಊರಿಗೇ ಹೆಸರು. ಮೊರದಗಲದ ಎಲೆ, ಒಂದು ತೂತಿಲ್ಲ. ಬೇಸಿಗೆಯ ತೋಟ ಪ್ರದರ್ಶನದಲ್ಲಿ ಬೆಳ್ಳಿಯ ಕಪ್ ಬೇರೆ ಯಾರ ಕೈಗೂ ಹೋದದ್ದಿಲ್ಲ. ಬಸವನಹುಳುಗಳಿಗೋ, ಆ ಎಲೆಯೆಂದರೆ ಪ್ರಾಣ.

"ನೀನೂ ಗುಳಿಗೆ ಹಾಕಬೇಡ ಕಣೇ," ಅಂದಿದ್ದಳು ಎನಿಡ್. "ಈ ಮುಂಡೇದು ಗೋಡೆಯ ಸಂದಿಯಲ್ಲೂ ಮೂತಿ ತೂರಿಸುತ್ತೆ."

"ಛೆ, ಗುಳಿಗೆಯಂತೆ! ನಾನು ಇರುವೆ ಕೂಡ ಕೊಂದವಳಲ್ಲ. ಒಂದೊಂದೇ ಆರಿಸಿ ಬಕೆಟಿಗೆ ಹಾಕಿ ಚರ್ಚಿನ ಹಿಂದೆ ಬಿಟ್ಟುಬರ್ತೀನಿ. ನಿನ್ನ ಕಡೆ ಒಂದೂ ಸುಳಿಯಲ್ಲ, ನನ್ನಾಣೆ."

ಮೊದಲ ಸಲ ಮದ್ದು ಹಾಕಿದಾಗ ಟಾಫಿ ವಾಂತಿ ಮಾಡಿಕೊಂಡು ದಿನವಿಡೀ ಮುದುಡಿ ಮಲಗಿತು. ಎನಿಡ್ ಅದರ ಪಕ್ಕ ಬಿಟ್ಟು ಏಳಲಿಲ್ಲ. ಏವಿಸ್ ಮಂಡಿಯೂರಿ ಕೂತು ಮರಿಯ ಕಿವಿ ಸವರಿದಳು. "ಪಾಪ, ಯಾಕೆ ಇದಕ್ಕೆ ಈ ವಿಷ ಸುರೀತೀಯೆ? ನಿನ್ನ ಕಡೆ ನೀನಿದ್ದೀಯ, ನನ್ನ ಕಡೆ ನಾನಿದ್ದೀನಿ. ಹುಳು ಆಕಾಶದಿಂದ ಉದುರುತ್ತಾ?"

ಅದೂ ನಿಜವೇ ಅನ್ನಿಸಿತು. ಎನಿಡ್ ಮದ್ದಿನ ಪೊಟ್ಟಣವನ್ನು ಡ್ರಾಯರಿಗೆ ತಳ್ಳಿದಳು. ಯಾರ ಮಾತಿಗೂ ಸೊಪ್ಪು ಹಾಕದವಳು ಗೆಳತಿಯ ಮಾತಿಗೆ ತಲೆಯಾಡಿಸಿದಳು.

ಬೇಸಿಗೆ ನಡುವಿನಲ್ಲಿ ಟಾಫಿಗೆ ಕೆಮ್ಮು ಹತ್ತಿತು. ಹುಲ್ಲಿನ ಎಸಳು ಸಿಕ್ಕಿರಬೇಕು ಅಂದುಕೊಂಡಳು. ಆಮೇಲೆ ಮೆಟ್ಟಿಲು ಹತ್ತಲು ಏದುಸಿರು. ಒಂದು ಬೆಳಿಗ್ಗೆ ಬಿಸ್ಕತ್ತು ಕಡಿದ ಮರಿಯ ಒಸಡಿನಿಂದ ರಕ್ತ ಸುರಿದದ್ದು ನಿಲ್ಲಲೇ ಇಲ್ಲ. ಎನಿಡ್ ಮನೆಯ ಚಪ್ಪಲಿಯಲ್ಲೇ, ಏಪ್ರನ್ನಿನಲ್ಲಿ ಅದನ್ನು ಸುತ್ತಿಕೊಂಡು ಓಡಿದಳು.

"ಮದ್ದು ತಪ್ಪಿಸಿದ್ರಾ?" ಕೇಳಿದಳು ಪಶುವೈದ್ಯೆ.

ಎನಿಡ್ ತಲೆ ತಗ್ಗಿಸಿದಳು. "ಹಿತ್ತಲಲ್ಲಿ ಹುಳುವೇ ಇಲ್ಲ, ಡಾಕ್ಟ್ರೇ. ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೀನಿ."

"ಇದು ಒಂದೆರಡು ತಿಂದು ಆದದ್ದಲ್ಲ. ತುಂಬಾ ತಿಂದಿದೆ. ಉಳಿಸೋಕೆ ನೋಡ್ತೀನಿ, ಮಾತು ಕೊಡಲ್ಲ. ಉಳಿದರೂ ಇನ್ನೊಂದು ಹುಳು ಇದರ ಬಾಯಿಗೆ ಹೋಗಬಾರದು."

ಮರಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಏವಿಸ್ ಬಿಸಿಬಿಸಿ ಮಾಂಸದ ಕಡುಬು ಹಿಡಿದು ಬಂದಳು, ಚಹಾ ಮಾಡಿದಳು, ಎನಿಡಳ ಬೆನ್ನು ಸವರಿದಳು. "ಎಲ್ಲಿಂದ ಬಂತೋ ದರಿದ್ರದ್ದು," ಅಂದಳು. ಎನಿಡ್ ತನ್ನನ್ನೇ ಬೈದುಕೊಂಡಳು. ಎಲ್ಲಿ ಕಣ್ಣು ತಪ್ಪಿತು, ಯಾವ ಕಲ್ಲು ಎತ್ತಿ ನೋಡಲಿಲ್ಲ ಅಂತ ಅನ್ನ ನೀರು ಬಿಟ್ಟು ಕೊರಗಿದಳು.

ಟಾಫಿ ಉಳಿಯಿತು. ಪಕ್ಕೆಲುಬು ಎಣಿಸುವಂತಾಗಿ ಮನೆಗೆ ಬಂತು. ಆ ಸಂಜೆ ಎನಿಡ್ ಅದನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಗೋಡೆಯಾಚೆ ಬಕೆಟಿನ ಸದ್ದಾಯಿತು. ಮರಿ ಕಿವಿ ನಿಮಿರಿಸಿತು.

ತಪ್. ಏನೋ ಬಂದು ಹುಲ್ಲಿಗೆ ಬಿತ್ತು. ಮತ್ತೆ, ತಪ್.

ನಿಲ್ಲಲು ತ್ರಾಣವಿಲ್ಲದ ಟಾಫಿ ಮಡಿಲಿನಿಂದ ಜಾರಿ, ಬಾಲ ಅಲ್ಲಾಡಿಸುತ್ತ ಗೋಡೆಯ ಬುಡಕ್ಕೆ ಓಡಿತು. ಯಾರೋ ತನಗಾಗಿ ಆಟಕ್ಕೆ ಎಸೆಯುತ್ತಿದ್ದಾರೆ ಅಂತ ಅದರ ಲೆಕ್ಕ. ಎನಿಡ್ ಬಿದ್ದು ಎದ್ದು ಹೋಗಿ ಅದರ ಬಾಯಿಗೆ ಬೆರಳು ತೂರಿಸಿ ಹೊರಗೆಳೆದಳು. ಬಸವನಹುಳು. ಚಿಪ್ಪು ಒಡೆದಿತ್ತು, ಜೀವ ಇನ್ನೂ ಆಡುತ್ತಿತ್ತು.

ಅವಳು ಗೋಡೆ ಪಕ್ಕದ ಕುಂಡದ ಮೇಲೆ ಹತ್ತಿ ಇಣುಕಿದಳು. ಏವಿಸ್ ಇನ್ನೊಂದನ್ನು ಎಸೆಯಲು ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

"ಇದೇನೇ ನಿನ್ನ ಚರ್ಚು?" ಎನಿಡ್ ಒಡೆದ ಚಿಪ್ಪನ್ನು ಎತ್ತಿ ತೋರಿಸಿದಳು.

"ಎನಿಡ್... ಮಂಡಿನೋವು ಕಣೇ. ಅಷ್ಟು ದೂರ ಬಕೆಟ್ ಹೊರೋಕೆ ಆಗ್ಲಿಲ್ಲ."

"ನಂಗೆ ಹೇಳಿದ್ರೆ ನಾನು ಹೊರ್ತಿರ್ಲಿಲ್ವಾ?"

"ಇದೇನು ಊರಲ್ಲಿಲ್ಲದ್ದಾ? ಎಲ್ಲರೂ ಗೋಡೆಯಾಚೆ ಎಸೆಯೋರೇ. ನಿಮ್ಮಮ್ಮ ಆಗ ಪಕ್ಕದ ಮನೇಲಿದ್ದ ಆ ಕರ್ನಲ್ ಹಿತ್ತಲಿಗೆ ಎಸೀತಿರ್ಲಿಲ್ವಾ?"

"ಅವನು ಕರ್ನಲ್ ಕಣೇ! ಅವನ ಮುಖ ಕಂಡರೆ ಅಮ್ಮನಿಗಾಗ್ತಿರ್ಲಿಲ್ಲ. ನಾನು ನಿಂಗೆ ಯಾರೇ?"

ಏವಿಸ್ ಅಳತೊಡಗಿದಳು. "ಕೊಲ್ಲೋಕೆ ಮನಸ್ಸು ಬರ್ಲಿಲ್ಲ. ಶನಿವಾರ ತೀರ್ಪುಗಾರರು ಬರ್ತಾರೆ. ನಿನ್ನ ಕಡೆ ಬರೀ ಹುಲ್ಲು ತಾನೇ, ತಿಂದರೆ ತಿಂದ್ಕೊಳ್ಳಲಿ ಅಂತ..."

"ಮದ್ದು ಬೇಡ ಅಂದವಳು ನೀನು. ಆಣೆ ಇಟ್ಟವಳು ನೀನು. ನನ್ನ ಮರಿ ರಕ್ತ ಕಾರೋವಾಗ ನನ್ನ ಬೆನ್ನು ಸವರಿದವಳೂ ನೀನೇ. ಆಗಲೂ ಎಸೀತಿದ್ದೆ, ಅಲ್ವಾ?"

ಏವಿಸ್ ಬಕೆಟನ್ನು ಬೆನ್ನ ಹಿಂದೆ ಸರಿಸಿದಳು. ಎನಿಡ್ ಕುಂಡದಿಂದ ಇಳಿದಳು. ನಂಬಿಸಿ ಕತ್ತು ಕೊಯ್ದಳಲ್ಲ ಅಂತ ಎದೆ ಉರಿಯುತ್ತಿತ್ತು. ಕೈ ಎಷ್ಟು ತೊಳೆದರೂ ಲೋಳೆ ಹೋಗಲಿಲ್ಲ.

ಬೆಳ್ಳಿಯ ಕಪ್ ಆ ವರ್ಷವೂ ಏವಿಸ್‌ಗೇ ಬಂತು. ಚಪ್ಪಾಳೆ ತಟ್ಟಲು ಎನಿಡ್ ಹೋಗಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಬ್ರೆಡ್ಡಿನ ಅಂಗಡಿಯ ಮುಂದೆ ಇಬ್ಬರೂ ಎದುರುಬದುರಾದರು. ಎನಿಡ್ ಮುಖ ತಿರುಗಿಸುವಷ್ಟರಲ್ಲಿ ಟಾಫಿ ಹಗ್ಗ ಜಗ್ಗಿಕೊಂಡು ಓಡಿ, ಏವಿಸಳ ಕಾಲಿಗೆ ಬಿದ್ದು, ಹೊಟ್ಟೆ ಮೇಲೆ ಮಾಡಿ ಹೊರಳಾಡಿ, ಅವಳ ಕೈ ನೆಕ್ಕಿತು.

"ನೋಡೇ," ಅಂದಳು ಏವಿಸ್, ಕಣ್ಣು ತುಂಬಿಕೊಂಡು. "ಇದೇ ನನ್ನ ಕ್ಷಮಿಸಿದೆ."

"ಅದಕ್ಕೇನೂ ಗೊತ್ತಿಲ್ಲ, ಏವಿಸ್. ನಂಗೆ ಗೊತ್ತು."

ಎನಿಡ್ ಮರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನಡೆದಳು. ಅದು ಬೀದಿ ತಿರುಗುವ ತನಕ ಹಿಂದೆ ನೋಡುತ್ತ ಬಾಲ ಅಲ್ಲಾಡಿಸುತ್ತಲೇ ಇತ್ತು.