ದೊರೆಸ್ವಾಮಿ ಎಣಿಸಿದ ಗೋಲುಗಳು

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರು ಹೊಡೆದ ಗೋಲುಗಳ ಲೆಕ್ಕ ಇಟ್ಟವನು ಇಡೀ ಚಾಮರಾಜನಗರ ಸೀಮೆಗೆ ತಾನೊಬ್ಬನೇ ಎಂದು ದಿಲೀಪ ತೊಂಬತ್ತಾರನೇ ಇಸವಿ ಮುಗಿಯುವವರೆಗೂ ನಂಬಿದ್ದ. ಅಂಥ ಲೆಕ್ಕ ಬೇಕೆಂದು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು. ಪೈಪೋಟಿ ಇಲ್ಲದ ಕಡೆ ಹೋಗಿ ಮೊದಲ ಸ್ಥಾನದಲ್ಲಿ ಕೂರುವುದು ಅವನಿಗೆ ಚಿಕ್ಕಂದಿನಿಂದ ಒಗ್ಗಿದ ವಿದ್ಯೆ. ಕೋರ್ಟಿನ ಎದುರಿಗಿದ್ದ ಚಿಕ್ಕಮಲ್ಲಪ್ಪನ ಟೈಪಿಂಗ್ ಅಂಗಡಿಯಲ್ಲಿ ಅವನಿಗೆ ಸಂಬಳದ ಕೆಲಸ. ದಿನವಿಡೀ ಅಫಿಡವಿಟ್ಟು, ಕ್ರಯಪತ್ರ ಕುಟ್ಟುತ್ತಿದ್ದ. ಸೋಮವಾರದ ಪೇಪರು ಬಂದರೆ ಗೋಲು ಹೊಡೆದವರ ಹೆಸರನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುತ್ತಿದ್ದ. ಕೇಬಲ್ ಟಿವಿಯಲ್ಲಿ ಪಂದ್ಯ ಬಂದಾಗ, "ಇವ್ನು ಈ ಸಲ ಹೊಡ್ದಿರೋದು ಹದಿನಾಕ್ನೇದು" ಎಂದು ಕೇಳದವರಿಗೂ ಹೇಳುತ್ತಿದ್ದ. ಅವನ ನೋಟ್‌ಬುಕ್ಕು 1992ರಿಂದ ಶುರುವಾಗುತ್ತಿತ್ತು. ಲೀಗಿಗೆ ಹೊಸ ಹೆಸರು ಬಂದದ್ದು ಆ ವರ್ಷ, ಅದಕ್ಕೂ ಹಿಂದಿನದೆಲ್ಲ ಪುರಾಣ ಎಂಬುದು ಅವನ ವಾದ. ಪುರಾಣ ಎಲ್ಲಿ ಸಿಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಜನವರಿಯ ಒಂದು ಶನಿವಾರ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಅಂಗಡಿಗೆ ಬಂದು, ರೆಕ್ಸಿನ್ ಚೀಲದಿಂದ ಮೂರು ದಪ್ಪ ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟ.

"ವಸಿ ಇಂಗ್ಲಿಷು ಟೈಪ್ ಮಾಡ್ಬೇಕಿತ್ತು ಕಣಪ್ಪ."

"ಏನಣ್ಣಾ ಇದು, ಪಾಲುಪಟ್ಟಿನಾ?"

"ಪಾಲಾಗಕೆ ಏನದೆ ನಮ್ತಾವು? ಗೋಲು ಕಣಪ್ಪ. ಇಂಗ್ಲೆಂಡಲ್ಲಿ ಕಾಲ್ಚೆಂಡು ಆಡ್ತರಲ್ಲ, ಅದ್ರದು. ಮೇಲಿನ ದರ್ಜೆದು ಮಾತ್ರ. ಇಪ್ಪತ್ನಾಕ್ನೇ ಇಸ್ವಿಯಿಂದ್ಲೂ ಅದೆ."

"ತೊಂಬತ್ನಾಕಾ?"

"ಸಾವ್ರದೊಂಬೈನೂರ ಇಪ್ಪತ್ನಾಕು."

ದಿಲೀಪ ಮೇಜಿನ ಮೇಲಿದ್ದ ತನ್ನ ನೋಟ್‌ಬುಕ್ಕನ್ನು ಮೆಲ್ಲಗೆ ಅಫಿಡವಿಟ್ಟುಗಳ ಕೆಳಗೆ ತಳ್ಳಿದ.

ಆ ಮನುಷ್ಯನ ಹೆಸರು ದೊರೆಸ್ವಾಮಿ. ಊರು ಉಮ್ಮತ್ತೂರು. ಇಪ್ಪತ್ತೆಂಟು ವರ್ಷದಿಂದ ಗುಂಡ್ಲುಪೇಟೆಯ ಒಂದು ತರಕಾರಿ ಮಂಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸ. ವಾರವೆಲ್ಲ ಮಂಡಿಯ ಹಿಂದಿನ ಕೋಣೆ, ಶನಿವಾರ ಊರಿನಲ್ಲಿದ್ದ ಹೆಂಡತಿ ಪುಟ್ಟಮಾದಮ್ಮನ ಬಳಿಗೆ. ಜೀವಮಾನದಲ್ಲಿ ಒಂದು ಚೆಂಡನ್ನೂ ಒದ್ದವನಲ್ಲ. ಬುಟ್ಟಿಗಳ ತಳಕ್ಕೆ ಹಾಸಲು ಮಂಡಿಗೆ ರದ್ದಿ ಪೇಪರು ಬರುತ್ತಿತ್ತು. ಊಟಿ ಕಡೆಯ ಎಸ್ಟೇಟ್ ಬಂಗಲೆಗಳಲ್ಲಿ ದೊರೆಗಳು ತರಿಸಿಕೊಂಡು ಬಿಟ್ಟುಹೋದ ಇಂಗ್ಲೆಂಡಿನ ಹಳೆಯ ಪತ್ರಿಕೆಗಳು ಲಾರಿಯಲ್ಲಿ ಘಟ್ಟ ಇಳಿದು ಬರುತ್ತಿದ್ದವು. ಒಂದು ದಿನ ಬದನೆಕಾಯಿ ಬುಟ್ಟಿಗೆ ಹಾಸಬೇಕಿದ್ದ ಹಾಳೆಯಲ್ಲಿ ಬರೀ ಹೆಸರು, ಪಕ್ಕದಲ್ಲಿ ಅಂಕಿ ಕಂಡವು. ಮುಂದಿನ ವಾರ ಇವರೆಲ್ಲ ಏನು ಮಾಡಿದರು ಎಂದು ಅವನಿಗೆ ಕುತೂಹಲ ಹುಟ್ಟಿತು. ಮುಂದಿನ ವಾರದ ಹಾಳೆ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಚಟ ಅಂಟಿಕೊಂಡಿತ್ತು. ಸಿಗದ ವಾರಗಳಿಗಾಗಿ ಇಂಗ್ಲೆಂಡಿನ ಆಯಾ ತಂಡದ ಊರಿನ ಲೈಬ್ರರಿಗಳಿಗೇ ಕಾಗದ ಬರೆದ. ಕೆಲವರು ಉತ್ತರಿಸಿದರು, ಉತ್ತರಿಸದವರಿಗೆ ಇನ್ನೊಂದು ಬರೆದ. ಈಗ ಅಲ್ಲಿನ ಒಂದು ಫುಟ್‌ಬಾಲ್ ವಾರ್ಷಿಕ ಸಂಚಿಕೆಯವರು, ಟೈಪ್ ಮಾಡಿಸಿ ಮಾರ್ಚ್ ಕೊನೆಯೊಳಗೆ ಕಳಿಸಿ, ನೋಡುತ್ತೇವೆ ಎಂದು ಬರೆದಿದ್ದರು.

ಇಂಗ್ಲೆಂಡಿನಿಂದ ಬಂದ ಆ ಲಕೋಟೆಯನ್ನು ದಿಲೀಪ ಮೂಸಿ ನೋಡಲಿಲ್ಲ ಎನ್ನುವುದೊಂದು ಬಿಟ್ಟರೆ ಇನ್ನೆಲ್ಲ ಮಾಡಿದ.

ಕೆಲಸ ಶುರುವಾಯಿತು. ಅಂಗಡಿಯ ಇನ್ನೊಬ್ಬಳು ಟೈಪಿಸ್ಟ್ ಭಾನು ಓದಿ ಹೇಳುವುದು, ದಿಲೀಪ ಕುಟ್ಟುವುದು. ಮೊದಲ ದಿನವೇ ಅವನು ತನಗೆ ಗೊತ್ತಿದ್ದ ಹಳೆಯ ಅಂಕಿಯೊಂದನ್ನು ಹುಡುಕಿದ. ಜಿಮ್ಮಿ ಗ್ರೀವ್ಸ್ ಮೇಲಿನ ದರ್ಜೆಯಲ್ಲಿ ಹೊಡೆದ ಒಟ್ಟು ಗೋಲು 357. ರಿಜಿಸ್ಟರಿನಲ್ಲೂ 357. ಒಂದಾದರೂ ಹೆಚ್ಚುಕಮ್ಮಿ ಇರಬಾರದಿತ್ತೇ ಎಂದು ಅವನಿಗೆ ಅಳು ಬರುವಂತಾಯಿತು.

"ಯಾಕೆ ಮೊಕ ಊದ್ಕಂಡದೆ ನಿಮ್ಗೆ?" ಎಂದಳು ಭಾನು.

"ಶೆಕೆ."

"ಜನವರೀಲಿ ಶೆಕೆ! ಆ ಯಣ್ಣನ ಅಕ್ಷರ ನೋಡಿ, ಮುತ್ತು ಪೋಣಿಸ್ದಂಗದೆ. ನಿಮ್ಮ ನೋಟ್‌ಬುಕ್ಕೂ ನೋಡಿವ್ನಿ, ಕೋಳಿ ಕೆದರ್ದಂಗೆ."

"ತಕ್ಕಡಿ ಹಿಡಿಯೋರ್ಗೆ ಟೈಮಿರ್ತದೆ ಕಣಮ್ಮಿ."

"ನಿಮ್ಗೇನು ಕಮ್ಮಿ ಇತ್ತಾ ಟೈಮು?"

ಎರಡನೆಯ ವಾರ ಅವನಿಗೆ ದೇವರು ಕಣ್ಣು ಬಿಟ್ಟ. ಡಿಕ್ಸಿ ಡೀನ್ 1927–28ರಲ್ಲಿ ಅರವತ್ತು ಗೋಲು ಹೊಡೆದದ್ದು ದಿಲೀಪನಿಗೆ ಬಾಯಿಪಾಠ. ರಿಜಿಸ್ಟರಿನ ಆ ಪುಟದಲ್ಲಿ ಅರವತ್ತು ಇರಲಿಲ್ಲ, ಕಮ್ಮಿ ಇತ್ತು. ಪುಟ ತಿರುವಿದ. 1928ರ ಮೇ ಐದರಂದು, ಕೊನೆಯ ಪಂದ್ಯದಲ್ಲಿ ಹೊಡೆದ ಮೂರು ಗೋಲು ಮುಂದಿನ ವರ್ಷದ ಪುಟದಲ್ಲಿ ಕೂತಿದ್ದವು. ಆ ಪುಟದ ನೆತ್ತಿಯಲ್ಲಿ ಸಣ್ಣಗೆ ಕನ್ನಡದಲ್ಲಿ ಬರೆದಿತ್ತು: ವಿಭವ ಸಂವತ್ಸರ. ಹಿಂದಿನದರ ನೆತ್ತಿಯಲ್ಲಿ ಪ್ರಭವ.

ದೊರೆಸ್ವಾಮಿ ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಿಡಿದಿದ್ದ! ಅಲ್ಲಿನ ಆಟ ಆಗಸ್ಟಿನಲ್ಲಿ ಶುರುವಾಗಿ ಮೇನಲ್ಲಿ ಮುಗಿಯುತ್ತದೆ. ಎಪ್ಪತ್ತು ವರ್ಷದ ಒಂದೊಂದು ಸಾಲಿನ ಬಾಲವನ್ನೂ ಕತ್ತರಿಸಿ ಮುಂದಿನದರ ತಲೆಗೆ ಅಂಟಿಸಿದ್ದ. ಒಬ್ಬೊಬ್ಬನ ಜೀವಮಾನದ ಮೊತ್ತ ಸರಿ. ಆದರೆ ಯಾವ ವರ್ಷ ಯಾರು ಮೊದಲು ಎಂಬ ಪಟ್ಟಿ ಪೂರ್ತಿ ಎಡವಟ್ಟು.

ದಿಲೀಪ ಭಾನುವಿಗೂ ಹೇಳಲಿಲ್ಲ. ಇದ್ದದ್ದು ಇದ್ದಂತೆ ಕುಟ್ಟುವುದು ಟೈಪಿಸ್ಟನ ಧರ್ಮ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಮೂರು ವರ್ಷದ ಸರ್ವಿಸಿನಲ್ಲಿ ಧರ್ಮದ ನೆನಪಾದದ್ದು ಅದೇ ಮೊದಲು. ಅಲ್ಲಿಯವರು ಮೊದಲ ಪುಟ ನೋಡಿ ನಕ್ಕು ಪಕ್ಕಕ್ಕೆಸೆಯುತ್ತಾರೆ; ಸೀಮೆಗೆ ಮತ್ತೆ ತಾನೊಬ್ಬನೇ. ಆ ವಾರ ಅವನ ಬೆರಳು ಎಷ್ಟು ಚುರುಕಾಗಿ ಓಡಿದವೆಂದರೆ ಚಿಕ್ಕಮಲ್ಲಪ್ಪ, "ಏನ್ಲಾ, ಮದ್ವೆ ಗಿದ್ವೆ ಗೊತ್ತಾಯ್ತಾ?" ಎಂದು ಕೇಳಿದ.

ಮಾರ್ಚ್ ಎರಡನೆಯ ಶನಿವಾರ ದೊರೆಸ್ವಾಮಿ ಬಂದ. ಹಾಳೆಗಳ ಕಟ್ಟನ್ನು ಅಂಗೈಯಲ್ಲಿ ತೂಗಿ ನೋಡಿ, "ಮುಕ್ಕಾಲು ಕೇಜಿ ಮೇಲದೆ," ಎಂದು ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ:

"ಮೊದಲ್ನೇ ಪುಟದಲ್ಲಿ ನಿನ್ನೆಸ್ರೂ ಆಕ್ಬುಡು ಕಣಪ್ಪ. ನೀನೂ ಈ ಲೆಕ್ಕ ಬಲ್ಲೆಯಂತೆ, ಭಾನು ಮಗ ಹೇಳ್ತು. 'ತಾಳೆ ನೋಡಿದವರು' ಅಂತ ಆಕು. ಇಪ್ಪತ್ತೆಂಟು ವರ್ಸದಲ್ಲಿ ಇದ್ನ ಪೂರ್ತಿ ಓದಿರವ್ನು ನೀನೊಬ್ನೇ."

ದಿಲೀಪನ ಎದೆ ಉಬ್ಬಿತು. ಹೊಸ ಹಾಳೆ ಹಾಕಿ ತನ್ನ ಹೆಸರನ್ನು ದೊಡ್ಡಕ್ಷರದಲ್ಲಿ ಕುಟ್ಟಿದ. ಊರಿನ ಹೆಸರು ಕುಟ್ಟುವಾಗ ಕೈ ನಿಧಾನವಾಯಿತು. ನಗುವವರು ಈಗ ಇಬ್ಬರ ಹೆಸರು ಹಿಡಿದು ನಗುತ್ತಾರೆ. ತಪ್ಪು ಮಾಡಿದವನಿಗಿಂತ, ತಾಳೆ ನೋಡಿದೆ ಎಂದವನು ದೊಡ್ಡ ದಡ್ಡ. ಆತ್ಮಸಾಕ್ಷಿ ಮಾಡದ ಕೆಲಸವನ್ನು ಮರ್ಯಾದೆಯ ಭಯ ಮಾಡಿತು.

"ಅಣ್ಣಾ, ವರ್ಷ ತಪ್ಪದೆ," ಎಂದ. ಎಲ್ಲ ಹೇಳಿದ. ಅದು ತನಗೆ ಯಾವಾಗ ಗೊತ್ತಾಯಿತು ಎಂಬುದೊಂದನ್ನು ಬಿಟ್ಟು.

ದೊರೆಸ್ವಾಮಿ ಬೆಂಚಿನ ಮೇಲೆ ಕೂತ. "ಮಂಡಿಲಿ ಯುಗಾದಿಗೆ ತಾನೆ ಹೊಸ ಪುಸ್ತಕ ತೆಗಿಯದು? ಬ್ಯಾಸ್ಗೆಲಿ ಅವ್ರು ಆಡಲ್ಲ ಅಂತ ಗೊತ್ತಿತ್ತು. ಬಿಸ್ಲಿಗೆ ಆಡಲ್ವೇನೋ ಅಂದ್ಕಂಡಿದ್ದೆ." ರಿಜಿಸ್ಟರಿನ ಅಂಚು ಸವರಿದ. "ಅಂಗಾರೆ ಈ ಮಾರ್ಚಿಗೆ ಆಗಕಿಲ್ಲ."

"ಇಲ್ಲಣ್ಣ."

"ಮುಂದ್ಲ ಮಾರ್ಚಿಗೆ?"

"ಒಬ್ರೇ ಮಾಡಿದ್ರೆ ಕಷ್ಟ."

"ಒಬ್ನೇ ಮಾಡ್ತಿನಿ ಬುಡು. ಭಾನ್ವಾರ ಊರ್ಗೋಗ್ದೆ ಮಂಡಿಲೇ ಕೂತ್ರಾಯ್ತು. ತಾರೀಕು ಎಲ್ಲ ಬರ್ದದೆಯಲ್ಲ," ಎಂದು ಮೂರು ರಿಜಿಸ್ಟರನ್ನೂ ಚೀಲಕ್ಕೆ ತುಂಬಿ ಎದ್ದ.

ಒಬ್ಬನೇ ಮಾಡಿಬಿಟ್ಟರೆ! ತಪ್ಪು ಹಿಡಿದವನು ತಾನು, ತಿದ್ದಿದ ಹೆಸರು ಅವನಿಗೆ? ದಿಲೀಪ ಮುಂದಿನ ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದ. ಊರಿಗೆ ಹೋಗದೆ ಉಳಿದಿದ್ದ ದೊರೆಸ್ವಾಮಿ ಮಂಡಿಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ರಿಜಿಸ್ಟರು ಹರಡಿ ಕೂತಿದ್ದ. ಆಶ್ಚರ್ಯಪಡಲಿಲ್ಲ. ಪಕ್ಕಕ್ಕೆ ಸರಿದು, ಐವತ್ತನೇ ಇಸವಿಯ ಈಚಿನ ರಿಜಿಸ್ಟರನ್ನು ಅವನ ಮುಂದೆ ನೂಕಿದ.

ಸಂಜೆಯ ಹೊತ್ತಿಗೆ ದಿಲೀಪ ನಾಲ್ಕು ವರ್ಷ ತಿದ್ದಿ ಮುಗಿಸಿದ್ದ. ಸೊಂಟ ಹಿಡಿದುಕೊಂಡಿತ್ತು.

"ನಿಮ್ದೆಷ್ಟಾಯ್ತಣ್ಣ?"

"ಒಂಬತ್ತು."

ಬಸ್ ಸ್ಟ್ಯಾಂಡಿಗೆ ನಡೆಯುತ್ತ ದಿಲೀಪ, ಮುಂದಿನ ವಾರ ಮೊದಲ ಬಸ್ಸಿಗೇ ಬರಬೇಕು ಎಂದುಕೊಂಡ.